ಚರಿತ್ರೆ ಸಂಘದ ಬಿಸಿಲು

ನಮ್ಮೂರಲ್ಲಿ ಚರಿತ್ರೆ ಕೇಳಲು ಹೋಗುವವರು ಕೊಡೆ, ಕಂಬಳಿ, ಬೀಸಣಿಗೆ ಮೂರನ್ನೂ ಒಯ್ಯುತ್ತಾರೆ. ಹೊಸಬರು ಯಾರಾದರೂ ಬರಿಗೈಯಲ್ಲಿ ಬಂದು ಕೂತಿದ್ದರೆ ಪಕ್ಕದವರು ಕೊಂಚ ಸರಿದು ತಮ್ಮ ಕಂಬಳಿಯ ಒಂದು ಅಂಚು ಕೊಡುತ್ತಾರೆ. ಊರ ಚರಿತ್ರೆ ಸಂಘದ ಅಂಗಳದಲ್ಲಿ ಯಾವ ದಿನದ ಮಾತು ನಡೆಯುತ್ತದೋ ಆ ದಿನದ ಹವೆಯೇ ಬಂದು ನಿಲ್ಲುತ್ತದೆ. ಹಳೆ ಪೇಟೆಗೆ ಬೆಂಕಿ ಬಿದ್ದ ದಿನದ ಬಗ್ಗೆ ಹೇಳಿದರೆ ಅಂದಿನ ಒಣಗಾಳಿ ಎದ್ದು ಹೆಂಗಸರ ಸೆರಗು ಹಾರುತ್ತದೆ. ಕೆರೆ ಏರಿ ಒಡೆದ ರಾತ್ರಿಯನ್ನು ಹೇಳಿದರೆ ಎಲ್ಲರೂ ತೊಪ್ಪೆಯಾಗಿ ಮನೆಗೆ ಬರುತ್ತಾರೆ. ಕಾಂಪೌಂಡಿನ ಆಚೆ ಒಂದು ಹನಿ ಬೀಳುವುದಿಲ್ಲ. ಮಾತು ನಿಂತರೆ ಆ ಹವೆ ಹೋಗಿ, ಗೇಟಿನ ಹೊರಗೆ ಕಾದಿದ್ದ ಇವತ್ತಿನ ಹವೆ ಒಳಗೆ ಬರುತ್ತದೆ.

ಸಂಘದ ಅಧ್ಯಕ್ಷರು ವಾಮದೇವಪ್ಪ ಮೇಷ್ಟ್ರು. ಪ್ರೈಮರಿ ಶಾಲೆಯಿಂದ ರಿಟೈರಾದ ಮೇಲೆ ಊರಿನ ಹಳೆಯ ಕಲ್ಲು, ಹಳೆಯ ಬಾಗಿಲು, ಹಳೆಯ ಮುದುಕರು ಯಾವುದನ್ನೂ ಅವರು ಬಿಟ್ಟಿಲ್ಲ. ಪ್ರತಿ ಶನಿವಾರದ ಉಪನ್ಯಾಸದ ವಿಷಯವನ್ನು ಗೇಟಿನ ಪಕ್ಕದ ಕಪ್ಪುಹಲಗೆಯ ಮೇಲೆ ತಾವೇ ದುಂಡಗೆ ಬರೆಯುತ್ತಾರೆ. 'ನಮ್ಮ ಊರಿನ ಪ್ರಥಮ ಅಂಚೆ ಕಚೇರಿ' ಎಂದು ಬರೆದು ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿಕೊಳ್ಳುವಷ್ಟರಲ್ಲಿ ಹಿಂದೆ ಹೆಂಗಸರು ನಿಂತಿರುತ್ತಾರೆ.

"ಮೇಷ್ಟ್ರೇ, ಒಣಗುತ್ತಾ?"

"ಏನಮ್ಮಾ ಒಣಗೋದು? ಅಂಚೆ ಕಚೇರಿ!"

"ಅದೇ, ಅದು ಶುರುವಾಗಿದ್ದು ಯಾವ ತಿಂಗಳು?"

"ಕಾರ್ತೀಕ."

"ಅಯ್ಯೋ, ಇಬ್ಬನಿ. ಮುಂದಿನ ವಾರ ಏನಿಟ್ಟಿದೀರಿ?"

"ಚರಿತ್ರೆ ಅಂದ್ರೆ ನಿಮಗೆ ಹಪ್ಪಳ ಒಣಗಿಸೋ ಮಾಳಿಗೆ ಆಗೋಯ್ತಲ್ರಮ್ಮಾ" ಎಂದು ಮೇಷ್ಟ್ರು ನೊಂದುಕೊಳ್ಳುತ್ತಾರೆ. ಆದರೆ ಅವರ ಮನೆಯ ಹುರುಳಿಕಾಳು ಒಣಗುವುದೂ ಅಲ್ಲೇ.

ಒಂದು ತೊಂದರೆಯಿದೆ. ಅಂಗಳದಲ್ಲಿ ಒಮ್ಮೆ ಹೇಳಿದ ದಿನವನ್ನು ಮತ್ತೆ ಹೇಳಿದರೆ ಹವೆ ಸವೆಯುತ್ತದೆ, ಕುದಿಸಿದ ಚಹಾಪುಡಿಯನ್ನೇ ಮತ್ತೆ ಕುದಿಸಿದಂತೆ. ದೊಡ್ಡ ಬರದ ವರ್ಷವನ್ನು ಹೆಂಗಸರು ಮೇಷ್ಟ್ರ ಬಾಯಲ್ಲಿ ಎಷ್ಟು ಸಲ ಹೇಳಿಸಿದ್ದಾರೆಂದರೆ, ಈಗ ಅದರಿಂದ ಬರುವುದು ಬೆಳದಿಂಗಳಷ್ಟು ಬಿಸಿಲು. ಅದಕ್ಕೇ ನಮ್ಮೂರಲ್ಲಿ ಒಬ್ಬೊಬ್ಬರೂ ತಮ್ಮದೆಂದು ಒಂದು ದಿನವನ್ನು ಯಾರಿಗೂ ಹೇಳದೆ ಎತ್ತಿಟ್ಟುಕೊಂಡಿರುತ್ತಾರೆ. ನನ್ನ ಹತ್ತಿರವೂ ಒಂದಿತ್ತು.

ಇನ್ನು, ಆಗದೇ ಇದ್ದದ್ದನ್ನು ಆಯಿತೆಂದು ಹೇಳಿದರೆ ಅಂಗಳದಲ್ಲಿ ಹವೆಯೇ ಇರುವುದಿಲ್ಲ. ಬಿಸಿಲೂ ಇಲ್ಲ, ಮೋಡವೂ ಇಲ್ಲ, ಎಲೆ ಅಲುಗದು, ಬೆವರು ಆರದು. ನಮ್ಮೂರಲ್ಲಿ ಯಾರನ್ನೂ ಸುಳ್ಳುಗಾರ ಅನ್ನುವುದಿಲ್ಲ. ಬೀಸಣಿಗೆ ತೆಗೆಯುತ್ತಾರೆ, ಅಷ್ಟೆ. ಮಳೆಗಾಲದಲ್ಲಿ ಸುಳ್ಳಿಗೂ ಗಿರಾಕಿಗಳುಂಟು. ಕೊಡೆ ಮರೆತು ಬಂದವರು ಯಾರದಾದರೂ ವಂಶದ ಹಿರಿಮೆಯ ಉಪನ್ಯಾಸ ನಡೆಯುತ್ತಿದ್ದರೆ ಒಳಗೆ ನುಗ್ಗಿ ತಲೆ ಒರೆಸಿಕೊಳ್ಳುತ್ತಾರೆ.

ನನ್ನ ಹೆಸರು ಹೊನ್ನಮ್ಮ. ಮನೆಯಲ್ಲಿ ಹೊನ್ನಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಎದ್ದು ನಿಂತು ಪಾಠ ಓದು ಅಂದಾಗಲೆಲ್ಲ ನಾನು ನಿಲ್ಲುತ್ತಿದ್ದೆ, ಪಾಠ ಬರುತ್ತಿರಲಿಲ್ಲ. ಮನಸ್ಸಿನಲ್ಲಿ ಓದು ಅಂದರೆ ತುಟಿ ಆಡಿಸುತ್ತಿದ್ದೆ. ಅದಕ್ಕೂ ಏಟು ಬೀಳುತ್ತಿತ್ತು. ಚಿಕ್ಕಮ್ಮ ಒಂದು ದಿನ ಬಂದು, "ನನ್ ಮಗು ಮಾತಾಡಿದ್ರೂ ಹೊಡೀತೀರಿ, ಆಡದಿದ್ರೂ ಹೊಡೀತೀರಿ, ಬ್ಯಾಡ ಬಿಡಿ" ಎಂದು ಕರೆದುಕೊಂಡು ಹೋದರು. ಅಂದಿನಿಂದ ಅವರ ಜೊತೆ ಸಂಡಿಗೆ, ಹಪ್ಪಳ ಮಾಡುತ್ತೇನೆ. ಅಂಗಳದ ಮೂಲೆಯಲ್ಲಿ ಕೋಲು ಹಿಡಿದು ಕಾಗೆ ಓಡಿಸುವುದು ನನ್ನ ಕೆಲಸವಾದ್ದರಿಂದ ಊರಿನ ಚರಿತ್ರೆಯನ್ನೆಲ್ಲ ನಾನು ನಿಂತುಕೊಂಡೇ ಕೇಳಿದ್ದೇನೆ.

ಚಿಕ್ಕಮ್ಮನ ಹೆಸರು ಗಂಗಮ್ಮ. ಊರು ಕರೆಯುವುದು ಒದ್ದೆ ಗಂಗಮ್ಮ. ನಾನು ಸಣ್ಣವಳಿದ್ದಾಗ ಯಾರದೋ ಮದುವೆಗೆಂದು ಹಾಕಿದ್ದ ಸಂಡಿಗೆ ಒಮ್ಮೆ, ಒಂದೇ ಒಂದು ಸಲ, ಮಳೆಗೆ ಸಿಕ್ಕಿ ಹಾಳಾಯಿತು. ನಮ್ಮೂರಲ್ಲಿ ಮದುವೆ ಊಟದ ಎಲೆಯ ತುದಿಗೆ ಸಂಡಿಗೆ ಬೀಳದಿದ್ದರೆ ಹುಡುಗಿ ಮೂರು ದಿನದಲ್ಲಿ ತವರಿಗೆ ವಾಪಸು ಬರುತ್ತಾಳೆ ಎಂಬ ಮಾತಿದೆ. ಆ ಹುಡುಗಿ ಬರಲಿಲ್ಲ, ಸುಖವಾಗಿದ್ದಾಳೆ. ಆದರೂ ಹೆಸರು ಉಳಿಯಿತು. ಸಂಡಿಗೆ ಹೇಗೆ ನೆನೆಯಿತು, ನೀವೆಲ್ಲಿದ್ದಿರಿ ಎಂದು ಯಾರು ಕೇಳಿದರೂ ಚಿಕ್ಕಮ್ಮ, "ಮಳೆ ಬಂತು, ನೆನೀತು" ಎಂದಷ್ಟೇ ಹೇಳುತ್ತಾರೆ. ಹೊಸ ಗಿರಾಕಿಗಳು ಸಂಡಿಗೆಯನ್ನು ಮುರಿದು ಕಿವಿಯ ಹತ್ತಿರ ಹಿಡಿದು ನೋಡುವಾಗ ಅವರ ಮುಖ ಗೋಡೆಯ ಕಡೆ ತಿರುಗುತ್ತದೆ. ಅದನ್ನು ನಾನು ನೋಡುತ್ತೇನೆ.

ಈ ಶ್ರಾವಣದಲ್ಲಿ ಗಿರಣಿ ತಿಪ್ಪೇರುದ್ರಪ್ಪನವರ ಮಗಳ ಮದುವೆ ಗೊತ್ತಾಯಿತು. ಅಕ್ಕಿ ಗಿರಣಿಯ ಸಾಹುಕಾರರು ಅವರು. ಅಗಲ ಎದೆ, ಅದಕ್ಕಿಂತ ಅಗಲವಾದ ಮಾತು. ಜಡಿಮಳೆ ಹಿಡಿದು ವಾರ ಕಳೆದಿತ್ತು. ಸಾಹುಕಾರರು ನಮ್ಮ ಬಾಗಿಲಿಗೇ ಬಂದು ಸಂಡಿಗೆ ಕೇಳಿದಾಗ ಚಿಕ್ಕಮ್ಮ ಆಕಾಶದ ಕಡೆ ಕೈ ತೋರಿಸಿದರು.

"ಬಿಸಿಲಿನ ಚಿಂತೆ ನನಗೆ ಬಿಡಿ ಗಂಗಮ್ಮ" ಎಂದರು ಸಾಹುಕಾರರು. "ಶನಿವಾರ ಸಂಘದಲ್ಲಿ ನಂದೇ ಉಪನ್ಯಾಸ. ನಮ್ಮ ತಾತನ ಕತೆ. ರಾಜರು ತಮ್ಮ ಪಟ್ಟದಾನೆ ಮೇಲೆ ತಾತನ್ನ ಕೂರಿಸಿ ಇದೇ ಬೀದಿಯಲ್ಲಿ ಮೆರವಣಿಗೆ ಮಾಡಿಸಿದ್ರು. ವೈಶಾಖ ಮಾಸ. ಆನೆ ಕಾಲು ಸುಟ್ಟು ಕುಣೀತಿತ್ತಂತೆ, ಅಂಥಾ ಬಿಸಿಲು! ಇಷ್ಟು ವರ್ಷ ಅಂಗಳದಲ್ಲಿ ಒಂದ್ಸಲಾನೂ ಹೇಳಿಲ್ಲ. ಮಗಳ ಮದುವೆಗೆ ಅಂತಲೇ ಎತ್ತಿಟ್ಟಿದ್ದೆ. ಬೀಗರೂ ಬರ್ತಾರೆ, ಕೇಳ್ತಾರೆ. ನೀವು ಹಾಸಿ, ನಾನು ಹೇಳ್ತೀನಿ. ಸ್ವಾಮಿ ಕಾರ್ಯ, ಸ್ವಕಾರ್ಯ!"

ಹೇಳದ ಬಿಸಿಲು ಅಂದರೆ ಸಣ್ಣ ಮಾತಲ್ಲ. ಚಿಕ್ಕಮ್ಮ ಅಂದೇ ಅಕ್ಕಿ ನೆನೆಹಾಕಿದರು. ಶನಿವಾರ ಬೆಳಿಗ್ಗೆ ಹಿಟ್ಟು ಬೇಯಿಸಿ, ಜೀರಿಗೆ, ಹಸಿಮೆಣಸಿನಕಾಯಿ ಅರೆದು ಹಾಕಿ ತಿರುವಿದೆವು. ಬೇಯಿಸಿದ ಹಿಟ್ಟು ಕಾಯುವುದಿಲ್ಲ. ಅವತ್ತೇ ಬಿಸಿಲು ಕಾಣದಿದ್ದರೆ ಸಂಜೆಗೆ ಹುಳಿಯುತ್ತದೆ, ಮಾರನೆಯ ದಿನಕ್ಕೆ ಬೂಸ್ಟು. ಚಿಕ್ಕಮ್ಮ ಮಾತ್ರ ಎಂದೂ ಇಲ್ಲದಂತೆ ಗುನುಗುತ್ತಿದ್ದರು. "ಈ ಮದುವೆ ಒಂದು ಚೆನ್ನಾಗಿ ಆಗ್ಲಿ ಹೊನ್ನಿ. ಸಾವ್ಕಾರ್ರ ಮನೆ ಎಲೆ ಮೇಲೆ ನನ್ ಸಂಡಿಗೆ ಕರುಂ ಅಂದ್ರೆ, ಆಮ್ಯಾಕೆ ಯಾರ್ ಕರೀತಾರೆ ನನ್ನ ಹಂಗೆ?"

ಮಧ್ಯಾಹ್ನ ಜನ ತುಂಬಿದರು. ಅರ್ಧ ಅಂಗಳಕ್ಕೆ ಚಾಪೆ, ಅದರ ಮೇಲೆ ಬಿಳಿ ಪಂಚೆ. ಉಳಿದ ಅರ್ಧದಲ್ಲಿ ಕುರ್ಚಿ. ಸಣ್ಣ ಮಳೆ ಹನಿಯುತ್ತಲೇ ಇತ್ತು. ಮೇಷ್ಟ್ರು ಸ್ವಾಗತ ಭಾಷಣದಲ್ಲಿ ಊರಿನ ಬೇಸಿಗೆಯೊಂದನ್ನು ನೆನೆದು ಮೋಡ ಸರಿಸಿದರು. ಸವೆದ ಬೇಸಿಗೆ. ಆದರೂ ಅಷ್ಟರಲ್ಲಿ ಚಿಕ್ಕಮ್ಮ ಚಕಚಕನೆ ಸೌಟಿನಲ್ಲಿ ಹುಯ್ದು ಸಾಲು ಸಾಲು ಸಂಡಿಗೆ ಇಟ್ಟರು. ಮೊದಲ ಸಾಲಿನಲ್ಲಿ ಗಂಡಿನ ತಾಯಿ ಚನ್ನಬಸಮ್ಮ, ದೂರದ ಊರಿನವರು, ದಪ್ಪ ಕಾಸಿನ ಸರ, ನಗುವುದಕ್ಕೆ ನೆಪ ಹುಡುಕುವ ಮುಖ. ಅವರ ಯಜಮಾನರು ಪಕ್ಕದಲ್ಲಿ ಬಾಯಿ ಬಿಗಿದು ಕೂತಿದ್ದರು. ನಮ್ಮ ಅಂಗಳದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲ ಊರಲ್ಲೂ ಹೀಗೇ ಎಂದು ನಾವು ತಿಳಿದಿದ್ದೆವು.

ಸಾಹುಕಾರರು ಜರಿ ಪೇಟ ಸುತ್ತಿಕೊಂಡು ಬಂದು ನಿಂತರು. ಗಂಟಲು ಸರಿಮಾಡಿಕೊಂಡರು. "ಅದು ವೈಶಾಖ ಮಾಸ. ನಮ್ಮ ತಾತ ಬಸವರುದ್ರಪ್ಪನವರು ಈ ಊರಿನ ಹೆಬ್ಬಾಗಿಲಿನಲ್ಲಿ ಆನೆಯ ಮೇಲೆ..."

ಮಳೆ ನಿಂತಿತು. ಎಲ್ಲರೂ ತಲೆಯ ಮೇಲೆ ಸೆರಗು, ಟವೆಲು ಎಳೆದುಕೊಂಡು ಬಿಸಿಲಿಗೆ ಸಿದ್ಧರಾದರು. ಬಿಸಿಲು ಬರಲಿಲ್ಲ. ಆನೆ ಹೆಬ್ಬಾಗಿಲು ದಾಟಿತು, ಬಿಸಿಲು ಬರಲಿಲ್ಲ. ಆನೆಗೆ ಕಬ್ಬು ತಿನ್ನಿಸಿದರು, ಬಿಸಿಲು ಬರಲಿಲ್ಲ. ಬೇವಿನ ಮರದ ಒಂದು ಎಲೆ ಅರ್ಧ ಉದುರಿ ಅಲ್ಲೇ ನಿಂತಂತೆ ಕಂಡಿತು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಬೀಸಣಿಗೆ ತೆಗೆದರು. ಆಮೇಲೆ ಅವರ ಪಕ್ಕದವರು. ಆಮೇಲೆ ಇಡೀ ಅಂಗಳ ಬೀಸಿಕೊಳ್ಳತೊಡಗಿತು, ಯಾರ ಮುಖವನ್ನೂ ಯಾರೂ ನೋಡದೆ.

"ಯಾಕ್ರೀ, ಸೆಕೆ ಏನಿಲ್ವಲ್ಲ?" ಎಂದರು ಚನ್ನಬಸಮ್ಮ.

"ನಮ್ಮೂರ ಪದ್ಧತಿ ತಾಯಿ, ದೊಡ್ಡವರು ಮಾತಾಡ್ವಾಗ ಬೀಸ್ಕೋತೀವಿ" ಎಂದರು ಮೇಷ್ಟ್ರು ಬೆವರು ಒರೆಸುತ್ತ. ಗೌರವ ತೋರಿಸಲು ಚನ್ನಬಸಮ್ಮನೂ ಸೆರಗಿನಿಂದ ಬೀಸಿಕೊಂಡರು.

ಸಾಹುಕಾರರಿಗೆ ಗೊತ್ತಾಯಿತು. ಅವರು ಸುಳ್ಳು ಹೇಳುವವರಲ್ಲ, ದೊಡ್ಡದು ಮಾಡಿ ಹೇಳುವವರು. ಆ ಕತೆಯನ್ನು ಅವರಿಗೆ ಅವರ ಅಪ್ಪ ಹೇಳಿದ್ದರು, ಇವರು ನಂಬಿ ಬೆಳೆದಿದ್ದರು. ಈಗ ಅವರು ಆಕಾಶ ನೋಡಿದರು, ಬೀಸಣಿಗೆಗಳನ್ನು ನೋಡಿದರು, ಮತ್ತೆ ಆಕಾಶ ನೋಡಿದರು. "ಆನೆ..." ಎಂದರು. ಇನ್ನೊಮ್ಮೆ "ಆನೆ" ಎಂದರು. ಆಮೇಲೆ ಕುರ್ಚಿಯಲ್ಲಿ ಕೂತುಬಿಟ್ಟರು. ಐವತ್ತು ದಾಟಿದ ಮನುಷ್ಯ ಅಪ್ಪನನ್ನೂ ಆನೆಯನ್ನೂ ಒಟ್ಟಿಗೇ ಕಳೆದುಕೊಂಡವರ ಹಾಗೆ ಕಂಡರು.

ಮಾತು ನಿಂತಿತಲ್ಲ, ಗೇಟಿನ ಹೊರಗಿನ ಮಳೆ ಒಳಗೆ ಕಾಲಿಟ್ಟಿತು. ಮೊದಲ ಹನಿ ಬಿದ್ದದ್ದೇ ಸಂಡಿಗೆಯ ಮೇಲೆ. ಮೇಷ್ಟ್ರು ಎದ್ದು ನಿಂತು, "ದೊಡ್ಡ ಬರದ ವರ್ಷ!" ಎಂದು ಕೂಗಿದರು. ಹನಿ ನಿಂತು ಬೆಳದಿಂಗಳು ಬಂತು. "ಅಯ್ಯೋ ಮೇಷ್ಟ್ರೇ, ಬೇರೆ, ಬೇರೆ!" ಎಂದರು ಹೆಂಗಸರು. ಮೇಷ್ಟ್ರು ಗಾಬರಿಯಲ್ಲಿ ಊರಿಗೆ ಕರೆಂಟು ಬಂದ ದಿನ ಶುರುಮಾಡಿದರು. ಅದು ಪುಷ್ಯ ಮಾಸ, ಎಲ್ಲರಿಗೂ ಹಲ್ಲು ಕಟಕಟ. ಚನ್ನಬಸಮ್ಮನ ಯಜಮಾನರು ಮೊದಲ ಸಲ ಬಾಯಿ ಬಿಟ್ಟು, "ಈ ಊರಿನ ಹವಾ ನನಗೆ ಒಗ್ಗೋದಿಲ್ಲ" ಎಂದರು.

ನಾನು ಚಿಕ್ಕಮ್ಮನನ್ನು ನೋಡಿದೆ. ಅವರು ಯಾರನ್ನೂ ಏನೂ ಕೇಳಲಿಲ್ಲ. ಪಂಚೆಯ ಅಂಚಿನಲ್ಲಿ ಕೂತು ಒಂದು ಸಂಡಿಗೆಯ ಮೇಲೆ ಅಂಗೈ ಅಡ್ಡ ಹಿಡಿದಿದ್ದರು. ಅಷ್ಟು ಸಂಡಿಗೆಯಲ್ಲಿ ಅದೊಂದಕ್ಕೆ. ಅವರ ಮುಖ ಗೋಡೆಯ ಕಡೆ ತಿರುಗಿತು.

"ಸಾವ್ಕಾರ್ರು ಒಂದ್ಸಲ ನಮ್ ಸಂಡಿಗೆ ಕಾದಿದ್ರು" ಎಂದು ಯಾರೋ ಅಂದರು. ಅಂದದ್ದು ನಾನು.

ನನ್ನ ನೆತ್ತಿ ಸುಟ್ಟಿತು. ಅಂಗಳಕ್ಕೆ ಅಂಗಳವೇ ಹಂಚಿನ ಹಾಗೆ ಕಾದು ಬೆಳ್ಳಗಾಯಿತು. ಅಷ್ಟು ಬಿಸಿಲನ್ನು ಸಂಘದಲ್ಲಿ ಯಾರೂ ಕಂಡಿರಲಿಲ್ಲ. ಬೀಸಣಿಗೆಗಳು ನಿಂತು, ನಿಜವಾದ ಸೆಕೆಗೆ ಮತ್ತೆ ಶುರುವಾದವು. ಹೆಂಗಸರು ಚೀಲದಿಂದ ತಮ್ಮ ತಮ್ಮ ಹಪ್ಪಳ, ಒದ್ದೆ ಬಟ್ಟೆ, ಮೆಣಸಿನಕಾಯಿ ತೆಗೆದು ಸಿಕ್ಕ ಜಾಗದಲ್ಲಿ ಹರಡಿದರು. ನಾನು ಬೆದರಿ ಸುಮ್ಮನಾದೆ. ಬಿಸಿಲು ಹೋಯಿತು, ಹನಿ ಬಂತು.

"ನಿಲ್ಲಿಸ್ಬೇಡ್ವೇ!" ಎಂದು ಊರಿಗೆ ಊರೇ ಕೂಗಿತು.

ಶಾಲೆಯಲ್ಲಿ ಆರು ವರ್ಷ ಬಾರದ ಮಾತು. ಏನು ಮಾಡಲಿ? ಕೋಲಿನ ತುದಿಯನ್ನೇ ನೋಡುತ್ತ ಶುರುಮಾಡಿದೆ. ಅವತ್ತು ಗಿರಣಿಯ ಕಣದಲ್ಲಿ ಸಂಡಿಗೆ ಹಾಕಿದ್ದರು. ಕಾಯಲು ನನ್ನನ್ನು ಕೂರಿಸಿದ್ದರು. ನನಗಾಗ ಐದೋ ಆರೋ. ಅಪ್ಪ ಅವತ್ತು ಬೆಳಿಗ್ಗೆಯಷ್ಟೇ ನನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು, ಸಂಜೆ ಬಸ್ಸಿಗೆ ಬರುತ್ತೇನೆ ಎಂದು ಹೋಗಿದ್ದ. ನಾನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಕಾಗೆ ಬಂದು ನನ್ನ ಮುಂದೆಯೇ ಸಂಡಿಗೆ ತಿನ್ನುತ್ತಿತ್ತು, ನಾನು ನೋಡುತ್ತಿದ್ದೆ. ಆಗ ಸಾಹುಕಾರರು ಬಂದರು. ಆಗಿನ್ನೂ ಚಿಕ್ಕ ವಯಸ್ಸು, ಹೊಸ ಪಂಚೆ. ಕಣ ಖಾಲಿ ಮಾಡಿ ಎಂದು ಜಗಳಕ್ಕೆ ಬಂದವರು. "ಏ ಹುಡುಗಿ, ಓಡಿಸೇ" ಅಂದರು. ನಾನು ಓಡಿಸಲಿಲ್ಲ. ಅವರೇ ಓಡಿಸಲು ಹೋದರು. ಕಾಗೆ ಅವರ ತಲೆಗೆ ಕುಕ್ಕಿತು. ಅವರು ಹಿಂದೆ ಹಿಂದೆ ಸರಿದು, ಮಿಕ್ಕ ಹಿಟ್ಟಿದ್ದ ಕೊಪ್ಪರಿಗೆಯಲ್ಲಿ ಕೂತರು.

ಚನ್ನಬಸಮ್ಮ ಕಿಸಕ್ಕನೆ ನಕ್ಕರು. ಸಾಹುಕಾರರು ಕುರ್ಚಿಯಿಂದ ನನ್ನನ್ನು ನೋಡಿದರು. ಮುಂದಿನದು ನನಗೂ ಗೊತ್ತು, ಅವರಿಗೂ ಗೊತ್ತು. ಅವರ ಕಣ್ಣು ಬೇಡ ಬೇಡ ಎನ್ನುತ್ತಿತ್ತು.

"ಪಂಚೆ ಎಲ್ಲಾ ಹಿಟ್ಟಾಯ್ತು" ಎಂದೆ. "ಚಿಕ್ಕಮ್ಮ ಅದನ್ನ ಒಗೆದು ಹಾಕಿದ್ರು. ಒಣಗೋವರೆಗೆ ಸಾವ್ಕಾರ್ರು... ಒಂದು ದೊಡ್ಡ ಟವೆಲ್ ಸುತ್ಕೊಂಡು..."

ಬಿಸಿಲು ಫಕ್ಕನೆ ಆರಿತು. ಎಲೆ ಅಲುಗಲಿಲ್ಲ. ಊರಿನವರು ಎಷ್ಟು ಮರ್ಯಾದಸ್ಥರೆಂದರೆ, ನನ್ನಂಥ ಹುಡುಗಿಗೂ ಮಾತಿಲ್ಲದೆ ಬೀಸಿಕೊಂಡರು. ಚಿಕ್ಕಮ್ಮ ಬೆರಳಿನಿಂದ ಸಂಡಿಗೆ ಒತ್ತಿ ನೋಡಿ ತಲೆ ಅಲ್ಲಾಡಿಸಿದರು.

"ಸೀರೆ" ಎಂದೆ ಕಣ್ಣು ಮುಚ್ಚಿಕೊಂಡು. "ಟವೆಲ್ ಅಲ್ಲ. ಚಿಕ್ಕಮ್ಮನ ಸೀರೆ. ಹಸಿರು. ಅಂಚಿನಲ್ಲಿ ನವಿಲು."

ಬಿಸಿಲು ಧಗ್ಗನೆ ಬಂತು. ಮೆಣಸಿನಕಾಯಿ ಹರಡಿದ್ದವರು ಕೆಮ್ಮಿದರು. ಚನ್ನಬಸಮ್ಮ ನಕ್ಕ ನಗು ಗೇಟಿನ ಹೊರಗೆ ಕಟ್ಟಿದ್ದ ಎಮ್ಮೆಯನ್ನು ಎಬ್ಬಿಸಿತು. "ನವಿಲಾ! ಬೀಗರೇ, ನವಿಲಾ! ನಮ್ ಹುಡುಗನಿಗೆ ಎಂಥಾ ಮಾವ ಸಿಕ್ಕಿದ್ರಪ್ಪಾ!" ಅವರ ಯಜಮಾನರು ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಬಿಗಿದ ಬಾಯಿಯ ಒಂದು ತುದಿಯನ್ನು ಸ್ವಲ್ಪ ಸಡಿಲ ಬಿಟ್ಟರು. ಸಾಹುಕಾರರು ಪೇಟವನ್ನು ಹುಬ್ಬಿನ ಕೆಳಗೆ ಎಳೆದುಕೊಂಡರು.

ಆ ಸೀರೆಯಲ್ಲಿ ಬೀದಿಗೆ ಹೋಗುವಂತಿಲ್ಲವಲ್ಲ. ಅದಕ್ಕೇ ಅವರು ಪಂಚೆ ಒಣಗುವವರೆಗೂ ಕಣದಲ್ಲೇ ಕೂತು ಕೊಡೆ ಬಿಚ್ಚಿದರು. ತಮ್ಮ ತಲೆಗೆ ಹಿಡಿಯಲಿಲ್ಲ, ನನ್ನ ತಲೆಗೆ ಹಿಡಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕಾಗೆಗೆ ಕಲ್ಲು. ಇದನ್ನು ನಾನು ಎಷ್ಟು ನಿಧಾನವಾಗಿ ಹೇಳಿದೆನೆಂದರೆ, ಒಂದೊಂದು ಕಲ್ಲಿನ ಬಣ್ಣವನ್ನೂ ಹೇಳಿದೆ. ಯಾಕೆಂದರೆ ನನಗೆ ಒಳಗೊಳಗೇ ಭಯ ಶುರುವಾಗಿತ್ತು. ಆ ದಿನದ ಕೊನೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತಲ್ಲ. ಚಿಕ್ಕಮ್ಮನಿಗೂ ಗೊತ್ತಿತ್ತು. ಇದು ಒಳ್ಳೆಯ ಬಿಸಿಲಿನ ದಿನ, ಆದರೆ ಮಳೆಯಲ್ಲಿ ಮುಗಿಯುವ ದಿನ. ಆ ದಿನವೇ ಅವರನ್ನು ಒದ್ದೆ ಗಂಗಮ್ಮ ಮಾಡಿದ್ದು. ಕತೆ ಅಲ್ಲಿಗೆ ಹೋಗುವ ಮೊದಲು ಸಂಡಿಗೆ ಒಣಗಬೇಕು.

"ಆಮೇಲೆ? ಆಮೇಲೇನಾಯ್ತು?" ಎಂದರು ಚನ್ನಬಸಮ್ಮ ಮುಂದಕ್ಕೆ ಬಾಗಿ.

ನಾನು ಚಿಕ್ಕಮ್ಮನನ್ನು ನೋಡಿದೆ. ಅವರು ಒಂದು ಸಂಡಿಗೆ ಎತ್ತಿ ತಿರುವಿದರು. ಮೇಲೆ ಒಣಗಿತ್ತು, ಹೊಟ್ಟೆ ಇನ್ನೂ ಹಸಿ. ಬೇಡ, ಮುಂದೆ ಹೋಗಬೇಡ ಎಂದು ಕೈ ಆಡಿಸಿದರು. ಅದನ್ನು ಕಂಡದ್ದೇ ಊರಿನವರಿಗೂ ಏನೋ ಇದೆಯೆಂದು ತಿಳಿಯಿತು. "ನಿಧಾನ, ನಿಧಾನ" ಎಂದರು ಒಬ್ಬರು. "ಅವಸರ ಯಾಕ್ರಮ್ಮಾ ನಿಮಗೆ? ಕಲ್ಲಿನ ಬಣ್ಣ ಇನ್ನೊಂದ್ಸಲ ಹೇಳ್ಲಿ" ಎಂದು ಮೇಷ್ಟ್ರು ಬೀಗಿತ್ತಿಯನ್ನು ಗದರಿದರು.

ಕಲ್ಲು ಮುಗಿದಿದ್ದವು. ಕಾಗೆ ಹಾರಿಹೋಗಿತ್ತು. ಆ ಮಧ್ಯಾಹ್ನದಲ್ಲಿ ಇನ್ನೇನು ಉಳಿದಿತ್ತು? ಕೊಡೆಯ ಕೆಳಗೆ ಸೀರೆ ಸುತ್ತಿಕೊಂಡ ದೊಡ್ಡ ಮನುಷ್ಯ, ಮಾತಾಡದ ನಾನು. ಆಗ ನೆನಪಾಯಿತು.

"ಸಾವ್ಕಾರ್ರು ನನಗೊಂದು ಕತೆ ಹೇಳಿದ್ರು" ಎಂದೆ. "ನಾನು ಮಾತಾಡ್ಲಿ ಅಂತ. ಆನೆ ಕತೆ."

ಎಲ್ಲರೂ ಆಕಾಶ ನೋಡಿದರು. ಬಿಸಿಲು ಅಲುಗಲಿಲ್ಲ. ಆನೆ ಬಂದಿತ್ತೋ ಇಲ್ಲವೋ, ಅವತ್ತು ಆ ಕೊಡೆಯ ಕೆಳಗೆ ಅವರು ಆ ಕತೆ ಹೇಳಿದ್ದಂತೂ ಆಗಿಹೋದ ಸಂಗತಿ. ಅದನ್ನು ಯಾವ ಆಕಾಶವೂ ಇಲ್ಲ ಅನ್ನುವಂತಿರಲಿಲ್ಲ. ನಾನು ಆನೆಯನ್ನು ಹೆಬ್ಬಾಗಿಲಿಗೆ ತಂದೆ. ಬಿಸಿಲು ನಿಂತಿತ್ತು. ಹೆಬ್ಬಾಗಿಲು ದಾಟಿಸಿದೆ. ಬಿಸಿಲು ಇನ್ನೂ ಚುರುಕಾಯಿತು. ಅವರು ಅವತ್ತು ಹೇಗೆ ಹೇಳಿದ್ದರೋ ಹಾಗೇ, ಆನೆಯ ಒಂದೊಂದು ಕಾಲನ್ನೂ ಬೇರೆಬೇರೆಯಾಗಿ ಎತ್ತಿ ಬೇರೆಬೇರೆಯಾಗಿ ಇಡಿಸಿದೆ. ಕಬ್ಬು ತಿನ್ನಿಸಿದೆ. ಸೊಂಡಿಲಿನಿಂದ ಬೀದಿಗೆ ನೀರು ಚೆಲ್ಲಿಸಿದೆ. ಬೀಸಣಿಗೆ ಹಿಡಿದವರು ಅದನ್ನು ಬಿಸಿಲಿಗೆ ಅಡ್ಡ ಹಿಡಿದರು.

ಪೇಟ ಮೆಲ್ಲಗೆ ಹುಬ್ಬಿನಿಂದ ಮೇಲೆ ಹೋಯಿತು. "ಅಂಬಾರಿ" ಎಂದರು ಸಾಹುಕಾರರು. ಮೊದಲು ಪಿಸುಮಾತಿನಲ್ಲಿ, ಆಮೇಲೆ ತಡೆಯಲಾರದೆ. "ಅಂಬಾರಿ ಬಿಟ್ಟೆಯಲ್ಲೇ ಹುಡುಗಿ! ಬೆಳ್ಳಿ ಅಂಬಾರಿ! ಅವತ್ತು ಹೇಳಿದ್ದೆ ನಿನಗೆ, ಗಂಟೆ ಸಮೇತ!"

"ಹೇಳಿದ್ರಿ" ಎಂದೆ. "ಗಂಟೆ ಢಣ್ ಅಂತಿತ್ತು ಅಂದ್ರಿ. ಅವಾಗ ನಾನು ಮೊದಲ್ನೇ ಸಲ ನಿಮ್ಮ ಮುಖ ನೋಡ್ದೆ."

ಸಾಹುಕಾರರು ಪೇಟ ಸರಿಮಾಡಿಕೊಂಡು ತಲೆ ಆಡಿಸಿದರು.

ಆನೆಯನ್ನು ಹಿಂದಿರುಗಿಸಿ ಲಾಯದಲ್ಲಿ ಕಟ್ಟುವ ಹೊತ್ತಿಗೆ ಚಿಕ್ಕಮ್ಮ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಸಂಡಿಗೆ ಬಿಡಿಸುತ್ತಿದ್ದರು. ಹೆಂಗಸರೆಲ್ಲ ಕೈ ಹಾಕಿದರು. ಮೊರದಿಂದ ಮೊರಕ್ಕೆ ಸುರಿದಾಗ ಗಲಗಲ ಸದ್ದಾಯಿತು. ಆ ಸದ್ದನ್ನು ಇಡೀ ಊರು ಕೇಳಿತು. ಚಿಕ್ಕಮ್ಮ ಎಲ್ಲವನ್ನೂ ಡಬ್ಬಕ್ಕೆ ತುಂಬಿ, ಮುಚ್ಚಳ ಒತ್ತಿ, ಅದರ ಮೇಲೆ ತಾವೇ ಕೂತರು. ಮೆಣಸಿನಕಾಯಿ, ಬಟ್ಟೆ, ಹುರುಳಿಕಾಳು ಎಲ್ಲ ಚೀಲಕ್ಕೆ ಹೋದವು. ನಾನು ಮಾತು ನಿಲ್ಲಿಸಲು ಹೊರಟೆ.

"ಅಯ್ಯೋ, ಆಮೇಲೇನಾಯ್ತು ಅಂತ ಹೇಳದೇ ಹೋಗೋದಾ?" ಎಂದರು ಚನ್ನಬಸಮ್ಮ. "ನಿಮ್ಮಪ್ಪ ಸಂಜೆ ಬಸ್ಸಿಗೆ ಬಂದ್ನೋ ಇಲ್ವೋ?"

ಯಾರೂ ಅವರನ್ನು ಗದರಲಿಲ್ಲ. ನಾನು ಡಬ್ಬದ ಮೇಲೆ ಕೂತ ಚಿಕ್ಕಮ್ಮನ ಕಡೆ ನೋಡಿದೆ. ಆ ಕೊನೆಯನ್ನು ಇಷ್ಟು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಕೂಡ ಹೇಳಿಕೊಂಡಿರಲಿಲ್ಲ. ಹೇಳಿದರೆ ಸವೆಯುತ್ತದೆ ಎಂದು ನಾನು ಹೇಳಿರಲಿಲ್ಲ, ಅವರು ಯಾಕೆ ಹೇಳಿರಲಿಲ್ಲವೋ ಅವರಿಗೇ ಗೊತ್ತು.

"ಹೇಳು ಬಿಡು" ಎಂದರು ಚಿಕ್ಕಮ್ಮ. "ಡಬ್ಬ ಮುಚ್ಚಿದೆ."

"ಬಸ್ ಬಂತು" ಎಂದೆ. ಬಿಸಿಲು ಹಳದಿಯಾಗಿ ಮೂಲೆಯಿಂದ ಮೋಡ ಏರಿತು. "ಅಪ್ಪ ಬರ್ಲಿಲ್ಲ. ಬಸ್ ಹೋಯ್ತು. ಅದರ ಹಿಂದೆ ಓಡೋಣ ಅಂತ ನಾನು ಸಂಡಿಗೆ ತುಳ್ಕೊಂಡೇ ಕಣದ ಮಧ್ಯಕ್ಕೆ ಬಂದೆ. ಆಲಿಕಲ್ಲು ಬೀಳೋಕೆ ಶುರುವಾಯ್ತು."

ಅಂಗಳದಲ್ಲಿ ತಟ್ಟನೆ ಒಂದು, ಆಮೇಲೆ ನೂರು. ಕುರ್ಚಿಯ ಮೇಲೆ, ಕೊಡೆಯ ಮೇಲೆ, ಮೇಷ್ಟ್ರ ಬೋಳುತಲೆಯ ಮೇಲೆ ಆಲಿಕಲ್ಲು ಕುಣಿದವು. ಶ್ರಾವಣದಲ್ಲಿ ಆಲಿಕಲ್ಲು ಕಂಡು ಚನ್ನಬಸಮ್ಮ ಬಾಯಿ ತೆರೆದರು, ಒಂದು ಒಳಕ್ಕೇ ಹೋಯಿತು. ಯಾರೂ ಎದ್ದು ಹೋಗಲಿಲ್ಲ.

"ಸಾವ್ಕಾರ್ರು ಒದ್ದೆ ಪಂಚೆ ತಲೆಮೇಲೆ ಹೊತ್ಕೊಂಡು ಸೀರೇಲೇ ಹಿತ್ತಲ ಹಾದಿ ಹಿಡಿದ್ರು. ಚಿಕ್ಕಮ್ಮ ಒಳಗಿಂದ ಓಡಿಬಂದ್ರು. ಒಂದು ಕಡೆ ಸಂಡಿಗೆ, ಅದರಡಿ ಹಾಸಿದ್ದ ಪಂಚೆ ನಾಕು ಮೂಲೆ ಸೇರಿಸಿ ಎತ್ತಿದ್ರೆ ಆಗ್ತಿತ್ತು, ಕೈಗೆ ಹತ್ರಾನೇ ಇತ್ತು. ಇನ್ನೊಂದು ಕಡೆ ನಾನು. ಅವರು ನನ್ನ ಎತ್ಕೊಂಡ್ರು. ಹೆಗಲ ಮೇಲಿಂದ ನಾನು ನೋಡ್ತಿದ್ದೆ, ಸಂಡಿಗೆ ಎಲ್ಲಾ ಗಂಜಿ ಆಗ್ತಿತ್ತು. ಅವಾಗ ನನಗೆ ಮಾತು ಬಂತು. 'ಸಂಡಿಗೆ' ಅಂದೆ. ಚಿಕ್ಕಮ್ಮ 'ಹಾಳಾಗ್ಲಿ' ಅಂದ್ರು."

ಅಷ್ಟೇ ಇತ್ತು ಕತೆ. ನಾನು ನಿಲ್ಲಿಸಿದೆ. ಆಲಿಕಲ್ಲು ನಿಂತು ಶ್ರಾವಣದ ಸಣ್ಣ ಹನಿ ಮತ್ತೆ ಬಂತು. ಯಾರೂ ಕೊಡೆ ಬಿಚ್ಚಲಿಲ್ಲ. ಚಿಕ್ಕಮ್ಮ ಡಬ್ಬದ ಮೇಲೆ ಕೂತವರು ಕೂತೇ ಇದ್ದರು, ನೆನೆಯುತ್ತಾ, ಈ ಸಲ ಮುಖವನ್ನು ಗೋಡೆಯ ಕಡೆ ತಿರುಗಿಸದೆ. ಕೊನೆಗೆ ಮೇಷ್ಟ್ರು ತಲೆ ಸವರಿಕೊಂಡು ಎದ್ದು, ಇಂದಿನ ಉಪನ್ಯಾಸಕರಿಗೆ ವಂದನೆಗಳು ಎಂದು ಹೇಳಿ, ಇಬ್ಬರಲ್ಲಿ ಯಾರ ಹೆಸರು ಹೇಳುವುದೆಂದು ತಿಳಿಯದೆ ಕೂತುಬಿಟ್ಟರು.

ಮದುವೆ ಆಯಿತು. ಎಲೆಯ ತುದಿಯಲ್ಲಿ ಸಂಡಿಗೆ ಕರುಂ ಅಂದಿತು. ಬೀಗರೂಟದ ದಿನ ಚನ್ನಬಸಮ್ಮ ಬೀಗರಿಗೆ ಉಡುಗೊರೆಯೆಂದು ತಂದ ಪೊಟ್ಟಣ ಬಿಚ್ಚಿದರೆ ನವಿಲಿನಂಚಿನ ಹಸಿರು ಸೀರೆ. ಸಾಹುಕಾರರು ಅದನ್ನು ಹೆಗಲ ಮೇಲೆ ಹಾಕಿಕೊಂಡು ಪಂಕ್ತಿಯುದ್ದಕ್ಕೂ ನಡೆದು ಬಂದು ಚಿಕ್ಕಮ್ಮನ ಕೈಗಿತ್ತರು. ಊರು ಈಗಲೂ ಒದ್ದೆ ಗಂಗಮ್ಮ ಎಂದೇ ಕರೆಯುತ್ತದೆ. ಮೊನ್ನೆ ಯಾರೋ ಹೊಸಬರು ಹಾಗೆ ಕರೆದದ್ದಕ್ಕೆ ಪಕ್ಕದ ಮನೆಯವರು, "ನಾವು ಕರೀಬೋದು, ನೀವು ಕರೀಬಾರ್ದು" ಎಂದು ಜಗಳಕ್ಕೆ ಹೋದರು.

ಮೇಷ್ಟ್ರು ನನಗೆ ಇದನ್ನೆಲ್ಲ ಬರೆದುಕೊಡು, ಸಂಘದಲ್ಲಿ ಇಡಬೇಕು ಎಂದರು. ಅದಕ್ಕೇ ಇಲ್ಲಿ ಸಂಘದ ಅಂಗಳದ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಎರಡನೇ ಸಲ ಆದ್ದರಿಂದ ಮೊದಲಿನಷ್ಟು ಇರಲಾರದು ಎಂದು ಗೊತ್ತು. ಬರೆಯುವಾಗಲೂ ತುಟಿ ಆಡಿಸುವ ಅಭ್ಯಾಸ ಮಾತ್ರ ನನಗೆ ಹೋಗಿಲ್ಲ. ಮೊದಲ ಹಾಳೆ ಬರೆಯುವಾಗ ಬೆನ್ನು ಸ್ವಲ್ಪ ಬೆಚ್ಚಗಾಗಿತ್ತು. ಈಗ ಸಬ್ಬಕ್ಕಿಯಷ್ಟು ಸಣ್ಣ ಆಲಿಕಲ್ಲೊಂದು ಬಂದು 'ಹಾಳಾಗ್ಲಿ' ಎಂಬ ಮಾತಿನ ಮೇಲೆ ಬಿದ್ದು, ಶಾಯಿಯನ್ನು ಕದಡಿ, ಕರಗಿತು. ಅದನ್ನು ನೋಡುತ್ತ ಕೂತಿದ್ದೆ. ಅಂಗಳದ ಆ ತುದಿಯಿಂದ ಚಿಕ್ಕಮ್ಮ ಕೂಗಿದರು.

"ಏನ್ ಗೊಣಗ್ತಿದ್ಯೇ ಅಲ್ಲಿ? ಹಪ್ಪಳ ಹಾಕಿದೀನಿ, ಬಾಯಿ ಮುಚ್ಕೊಂಡು ಬರಿ!"